ಅಂಗೈಯ ತೂಕ

ಶ್ರೀಶೈಲಕ್ಕೆ ಗಂಡ ಹೆಂಡತಿ ಜೋಡಿಯಾಗಿ ಹೊರಟವರು. ತಮ್ಮೂರು ಶಾಗ್ಯಕ್ಕೆ ಮರಳಿದ್ದು ಸದಾಶಿವಪ್ಪ ಒಬ್ಬನೇ. ದಾರಿಯ ಛತ್ರವೊಂದರಲ್ಲಿ ಶಿವರತ್ನಮ್ಮನಿಗೆ ಏರಿದ ಜ್ವರ ಇಳಿಯಲೇ ಇಲ್ಲ. ಅಲ್ಲಿನ ಜಂಗಮರೇ ಮುಂದೆ ನಿಂತು, ಅವಳನ್ನು ಕೂತ ಭಂಗಿಯಲ್ಲೇ ಗುಂಡಿಗಿಳಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಮಣ್ಣು ಮಾಡಿಸಿದರು. ಇವನಿಗೋ ಕಣ್ಣೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ರೈಲು ಹತ್ತಿ, ಕೊಳ್ಳೇಗಾಲದಲ್ಲಿ ಬಸ್ಸು ಹಿಡಿದು ಊರು ಸೇರುವವರೆಗೂ ಕೊರಳಲ್ಲಿದ್ದ ತನ್ನ ಇಷ್ಟಲಿಂಗದ ಬೆಳ್ಳಿ ಕರಡಿಗೆಯ ಮುಚ್ಚಳ ತೆಗೆಯಲಿಲ್ಲ. ಅದನ್ನು ಹಾಗೇ ಕಣ್ಣಿಗೊತ್ತಿಕೊಂಡದ್ದೇ ಪೂಜೆ. ಆ ಸ್ಥಿತಿಯಲ್ಲಿ ಯಾರು ತಾನೆ ತಪ್ಪೆಂದಾರು!

ಮಾರನೆಯ ಬೆಳಗ್ಗೆ ಮಿಂದು, ವಿಭೂತಿ ಧರಿಸಿ, ಎಂದಿನ ಮಣೆಯ ಮೇಲೆ ಕೂತ. ಕೂತರಾದರೂ ಮನಸ್ಸು ನಿಂತೀತು ಎಂಬುದೊಂದೇ ಆಸೆ. ಹೆಂಡತಿಯ ಮಣೆ ಗೋಡೆಗೆ ಒರಗಿತ್ತು. ಇಷ್ಟು ವರ್ಷವೂ ಅವಳು ಪಕ್ಕದಲ್ಲೇ ಕೂತು, ಇವನು ಕೊಂಚ ಅಲುಗಿದರೆ ಸಾಕು, "ಆಯ್ತಾ?" ಎನ್ನುತ್ತಿದ್ದಳು. "ಬಾಯ್ ಮುಚ್ಕಂಡು ಕುಂತ್ಕಳೇ" ಎಂದು ಇವನು ಗದರುತ್ತಿದ್ದ.

ಕರಡಿಗೆ ತೆಗೆದು ಲಿಂಗವನ್ನು ಅಂಗೈಗಿಟ್ಟುಕೊಂಡ. ಹಗುರ! ಮೇಲಿನ ಕಪ್ಪು ಲೇಪ ಒಂದು ಮಗ್ಗುಲಲ್ಲಿ ಸವೆದಿತ್ತು. ಅದು ಅವಳದು.

ಆಗ ನೆನಪಾಯಿತು. ಛತ್ರದಲ್ಲಿ ಆ ಕೊನೆಯ ಬೆಳಗ್ಗೆ ಅವಳಿಗೆ ಕೈ ಎತ್ತಲೂ ಆಗುತ್ತಿರಲಿಲ್ಲ. "ನಂದೂ ನೀವೇ ಪೂಜೆ ಮಾಡ್ಬುಡಿ" ಎಂದಿದ್ದಳು. ಎರಡು ಲಿಂಗವನ್ನೂ ತೊಳೆದು ಅಂಗೈಯಲ್ಲಿ ಜೊತೆಗಿಟ್ಟುಕೊಂಡಿದ್ದ. ಅಷ್ಟರಲ್ಲಿ ಅವಳಿಗೆ ಮೇಲುಸಿರು ಬಂತು. ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಕರಡಿಗೆಗೆ ಹಾಕಿ ಓಡಿದ್ದ. ಒಬ್ಬನೇ ಅಕ್ಕಸಾಲಿ ಮಾಡಿದ ಜೋಡಿ, ಹಾಳಾದ ಕರಡಿಗೆಗಳು ಒಂದರಂತೆ ಇನ್ನೊಂದು.

ಅಂದಿನಿಂದ ಪ್ರತಿ ಬೆಳಗ್ಗೆ ಕೂರುವುದು, ಏಳುವುದು. ಮನೆಯಲ್ಲೇ ಇದ್ದ ವಿಧವೆ ಅಕ್ಕ ಚನ್ನಮಲ್ಲಮ್ಮ ಕೊನೆಗೆ ಕೇಳಿಯೇಬಿಟ್ಟಳು.

"ಏನ್ಲಾ ಸದಾಶಿವ, ಕುಂತ್ಕತೀಯೆ, ಕೆಂಡ ತುಳ್ದೋನಂಗೆ ಎದ್ದೋಯ್ತೀಯೆ?"

"ಅಕ್ಕೋ, ರತ್ನನ ಲಿಂಗ ನನ್ತಾವೇ ಉಳ್ಕತು ಕಣಕ್ಕೋ. ನಂದು ಅವ್ಳ ಜೊತೆ ಮಣ್ಗೋಯ್ತು."

"ಅಯ್ಯೋ ಶಿವನೇ!" ಅಕ್ಕ ಎದೆ ಹಿಡಿದುಕೊಂಡಳು.

"ನಾಳಿಕೇ ಓಯ್ತೀನಿ. ಅಗ್ಸಿ, ಅವ್ಳದ್ನ ಅವ್ಳಿಗೆ ಕೊಟ್ಬುಟ್ಟು ಬತ್ತೀನಿ."

"ಉಚ್ಚು ಇಡುದ್ದದೇನ್ಲಾ ನಿಂಗೆ? ಮಣ್ಣಾದೋಳ್ನ ಎಬ್ಬುಸ್ತೀಯಾ? ಅಯ್ನೋರ್ನ ಕೇಳು, ಓಗು."

ಮಠದ ಅಯ್ಯನವರು ಸಮಾಧಾನದಿಂದಲೇ ಹೇಳಿದರು: "ಲಿಂಗ್ದಲ್ಲಿ ನಿಂದು ಅವ್ಳದು ಅಂತ ಐತೇನಪ್ಪ? ಇದ್ನೇ ಪೂಜ್ಸು. ಮನ್ಸು ತಾನಾಗೇ ನಿಲ್ತದೆ."

ಹೇಳುವುದಕ್ಕೇನು, ಎಷ್ಟು ಸಲೀಸು! ಲಿಂಗ ಕೈಗೆ ತಾಗಿದ ಕೂಡಲೇ ತನ್ನದಲ್ಲವೆಂದು ಇವನಿಗೆ ತಿಳಿಯಲಿಲ್ಲವೆ? ಹಾಗಾದರೆ ಅವಳಿಗೆ ತಿಳಿಯದೆ ಇದ್ದೀತೆ? ಕಾಣದ ಊರಿನಲ್ಲಿ, ಮಣ್ಣಿನೊಳಗೆ, ಭಾರವಾದದ್ದನ್ನು ಹಿಡಿದು, ತನ್ನದೆಲ್ಲಿ ಎಂದು ಅವಳು ಹುಡುಕುತ್ತಿದ್ದರೆ? ಆ ಯೋಚನೆ ಬಂದಾಗಲೆಲ್ಲ ಸದಾಶಿವಪ್ಪ ಮಣೆ ಬಿಟ್ಟು ಎದ್ದುಬಿಡುತ್ತಿದ್ದ.

ಆದರೂ ಮರುದಿನ ಕೂತ. ಗೋಡೆಗೊರಗಿದ್ದ ಅವಳ ಮಣೆಯನ್ನು ತಂದು ಪಕ್ಕದಲ್ಲಿ ಹಾಕಿದ. ಲಿಂಗವನ್ನು ಅಂಗೈಯಲ್ಲಿಟ್ಟು ದಿಟ್ಟಿಸಿದ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಲಿಂಗವನ್ನು ಕರಡಿಗೆಯೊಳಗಿಡಲು ಮನಸ್ಸಾಗಲಿಲ್ಲ. ಇದು ಅವಳ ಪೂಜೆ. ಮುಗಿಯಿತೋ ಇಲ್ಲವೋ ಇವನಿಗೆ ಹೇಗೆ ಗೊತ್ತಾಗಬೇಕು?

ಬರಿದಾದ ಮಣೆಯ ಕಡೆ ತಿರುಗಿ, ಜೀವಮಾನದಲ್ಲಿ ಒಂದು ದಿನವೂ ಅವಳನ್ನು ಕೇಳದೆ ಇದ್ದ ಮಾತನ್ನು ಕೇಳಿದ.

"ಆಯ್ತಾ?"

"ಆಯ್ತು ಕಣಪ್ಪ, ರೊಟ್ಟಿ ಬೆಂದದೆ, ಎದ್ದು ಬಾ" ಎಂದಳು ಅಕ್ಕ, ಒಲೆಯ ಮುಂದಿನಿಂದ.

ಸದಾಶಿವಪ್ಪ ಲಿಂಗವನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಆ ಮಣೆಯ ಮೇಲೆ ತಲೆಯಿಟ್ಟು ಗೋಳೋ ಎಂದು ಅತ್ತುಬಿಟ್ಟ.