ಮುಂದಿಟ್ಟ ಗಡಿಯಾರ

ಸೈನ್ಯಕ್ಕೆ ಸೇರಿದ ಮೊದಲ ವಾರ ನಾನು ಹಾಜರಿಗೆ ಮೂರು ನಿಮಿಷ ತಡವಾಗಿ ಹೋದೆ. ತರಬೇತಿ ಕೊಡುವವರು ಇಡೀ ತುಕಡಿಯನ್ನು ಮೈದಾನದ ಸುತ್ತ ಆರು ಸಲ ಓಡಿಸಿದರು. ಅವರಿಗೆ ನಾವಿಟ್ಟ ಹೆಸರು ಗುಡುಗಪ್ಪ. ಅಂದೇ ನಾವೆಲ್ಲ ಕೈಗಡಿಯಾರ ಮುಂದಿಟ್ಟುಕೊಂಡೆವು. ಉಳಿದವರು ಐದು ನಿಮಿಷ, ನಾನು ಇಪ್ಪತ್ತು. "ಈ ನಿದ್ದೆಬುರುಕಿಗೆ ಮಿಲಿಟರಿಯಂತೆ!" ಎಂದು ಅಮ್ಮ ಸುಮ್ಮನೆ ನಕ್ಕಿರಲಿಲ್ಲ.

ಅಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾಳೆ. ಅದೇ ನೆಲದ ಮೇಲೆ ನಾನು ನರ್ಸಾಗಿ ನಡೆಯಬೇಕೆಂಬುದು ಅವಳ ಆಸೆ. ದುಡ್ಡು ಕಟ್ಟಿ ಓದಲಾಗದ ನಮಗೆ ಸೈನ್ಯದ ವೈದ್ಯಕೀಯ ವಿಭಾಗ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅಲ್ಲಿ ಮೂರು ತಿಂಗಳು ಕಲಿತೆ. ನರ್ಸಿಂಗಿಗೆ ಆಯ್ಕೆಯಾದವರ ಕೊನೆಯ ಪಟ್ಟಿಯಲ್ಲಿ ಹೆಸರು ಬರುವುದೊಂದೇ ಬಾಕಿ.

ರಕ್ತ ನಿಲ್ಲಿಸಲು ತೊಡೆಗೆ ಪಟ್ಟಿ ಬಿಗಿದರೆ, ಬಿಗಿದ ಹೊತ್ತನ್ನು ಗಾಯಾಳುವಿನ ಹಣೆಯ ಮೇಲೆ ಬರೆಯಬೇಕು. ಎರಡು ಗಂಟೆ ದಾಟಿದರೆ ಕಾಲು ಸಾಯತೊಡಗುತ್ತದೆ. "ಹಣೆಬರಹ ಬ್ರಹ್ಮ ಬರೀತಾನಂತೆ. ಇಲ್ಲಿ ನೀವು ಬರೀತೀರಿ, ಸರಿಯಾಗಿ ಬರೀರಿ," ಎನ್ನುತ್ತಿದ್ದರು ಗುಡುಗಪ್ಪ.

ಒಂದು ಬೆಳಿಗ್ಗೆ ಹಿಂದೆ ಸರಿಯುತ್ತಿದ್ದ ಲಾರಿಯ ಚಕ್ರಕ್ಕೆ ನಮ್ಮ ತುಕಡಿಯ ಹುಡುಗನ ಕಾಲು ಸಿಕ್ಕಿತು. ಸಣಕಲನಾದ್ದರಿಂದ ಅವನನ್ನು ಕಡ್ಡಿ ಎನ್ನುತ್ತಿದ್ದೆವು. ನಾನೇ ಪಟ್ಟಿ ಬಿಗಿದೆ. ಗಡಿಯಾರ ನೋಡಿ ಹಣೆಯ ಮೇಲೆ 10:40 ಎಂದು ಬರೆದೆ. ವ್ಯಾನು ಅವನನ್ನು ದೂರದ ಆಸ್ಪತ್ರೆಗೆ ಕೊಂಡೊಯ್ದಿತು. "ಭೇಷ್!" ಎಂದರು ಗುಡುಗಪ್ಪ. ನಾನು ಉಬ್ಬಿಹೋದೆ.

ಊಟದ ಹೊತ್ತಾಯಿತೇ ಎಂದು ಮತ್ತೆ ಗಡಿಯಾರ ನೋಡಿದೆ. ಹನ್ನೆರಡು ಹತ್ತು. ರೂಢಿಯಂತೆ ಇಪ್ಪತ್ತು ಕಳೆದೆ. ಬೆಳಿಗ್ಗೆ ಹಣೆಯ ಮೇಲೆ ಬರೆಯುವಾಗ ಆ ಇಪ್ಪತ್ತು ಕಳೆದಿರಲಿಲ್ಲ, ಪಟ್ಟಿ ಬಿಗಿದದ್ದು 10:20ಕ್ಕೆ. ಇನ್ನೂ ಐವತ್ತು ನಿಮಿಷ ಇದೆಯೆಂದು ಡಾಕ್ಟರು ನಂಬಿರುತ್ತಾರೆ, ನಿಜಕ್ಕೂ ಇರುವುದು ಮೂವತ್ತೇ.

ಫೋನಿನ ಮುಂದೆ ನಿಂತೆ. ಹೇಳಿದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಅಮ್ಮನ ಮುಖ ಕಣ್ಣಮುಂದೆ ಬಂತು. ಆಮೇಲೆ ಫೋನೆತ್ತಿ ಆಸ್ಪತ್ರೆಯವರಿಗೆ ನಿಜವಾದ ಹೊತ್ತು ಹೇಳಿದೆ. ಸರದಿಯಲ್ಲಿ ಮೂರನೆಯವನಾಗಿದ್ದ ಕಡ್ಡಿಯನ್ನು ಅದನ್ನು ಕೇಳಿದ ಕೂಡಲೇ ಆಪರೇಷನ್ನಿಗೆ ಒಳಗೆ ಕರೆದೊಯ್ದರಂತೆ. ಕಾಲು ಉಳಿಯಿತು, ಪಾದದ ಸ್ಪರ್ಶಜ್ಞಾನ ಮಾತ್ರ ಹೋಯಿತು. ಅದು ಹೇಗಿದ್ದರೂ ಹೋಗುತ್ತಿತ್ತೋ ಏನೋ, ಹೇಳಲಾಗದು ಎಂದರು ಡಾಕ್ಟರು.

ಮರುದಿನ ಗುಡುಗಪ್ಪ ಒಂದು ಹಾಳೆ ಮುಂದಿಟ್ಟರು.

"ತಪ್ಪು ಗೊತ್ತಾದ ತಕ್ಷಣ ಫೋನ್ ಮಾಡಿದಳು ಅಂತ ಬರ್ದಿದೀನಿ. ಇದಿದ್ರೆ ಪಟ್ಟಿಯಿಂದ ನಿನ್ನ ಹೆಸರು ತೆಗೆಯಲ್ಲ. ಸಹಿ ಹಾಕು."

ಪೆನ್ನು ಹಿಡಿದೆ. ಮತ್ತೆ ಕೆಳಗಿಟ್ಟೆ.

"ತಕ್ಷಣ ಅಲ್ಲ ಸಾರ್. ನಾಲ್ಕು ನಿಮಿಷ ಸುಮ್ನೆ ನಿಂತಿದ್ದೆ."

"ಯಾಕಮ್ಮಾ?"

"ಹೆಸರು ಹೋಗುತ್ತೆ ಅಂತ."

ಅವರು ಗುಡುಗಲಿಲ್ಲ. ಆ ಸಾಲು ಹೊಡೆದುಹಾಕಿ, ನಾನು ಹೇಳಿದ್ದನ್ನೇ ಬರೆದರು. ಸಂಜೆಯ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅಮ್ಮನಿಗೆ ಹೇಳಿದಾಗ ಅವಳು ಅತ್ತಳು, ನಾನೂ ಅತ್ತೆ.

ಭಾನುವಾರ ಕಡ್ಡಿಯನ್ನು ನೋಡಲು ಹೋದೆ. ಅವನು ಹೊದಿಕೆ ಸರಿಸಿ ಪಾದ ತೋರಿಸಿದ. "ಒಂದ್ಸಲ ಚಿವುಟಿ ನೋಡೇ. ನರ್ಸಮ್ಮ ಮೆತ್ತಗೆ ಚಿವುಟ್ತಾರೆ, ಅದಕ್ಕೇ ಗೊತ್ತಾಗ್ತಿಲ್ವೇನೋ."

ಉಗುರು ಊರುವಂತೆ ಚಿವುಟಿದೆ.

"ಚಿವುಟಿದ್ಯಾ?" ಎಂದು ಕೇಳಿದ.

ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತೆ. ಆ ನಾಲ್ಕು ನಿಮಿಷದ ಮಾತನ್ನು ಮೊದಲಿನಿಂದ ಹೇಳತೊಡಗಿದೆ.