ಇಸ್ಮಾಯಿಲನ ಪಾಳಿ

ಕಂಠೆಪ್ಪ ಉಸಿರಿನ ಪಂಪನ್ನು ಬಾಯಿಗಲ್ಲ, ಬಾಗಿಲಿನತ್ತ ಹಿಡಿದು ಒತ್ತಿದ. ಚುಸ್ಸೆಂದು ಹೊಮ್ಮಿದ ಔಷಧಿ ಹೊರಗಿನ ಕೆಂಪು ಧೂಳಿನಲ್ಲಿ ಕರಗಿಹೋಯಿತು. ರೊಟ್ಟಿ ಬಡಿಯುತ್ತಿದ್ದ ಹುಲಿಗೆವ್ವನ ಕೈ ನಿಂತಿತು.

“ಹುಚ್ಚ ಹಿಡದೈತೇನ್ರಿ ನಿಮಗ? ತಿಂಗಳ ಬರೋ ಔಷಧ ಹದಿನೈದ ದಿನಕ್ಕ ಯಾಕ ಮುಗೀತೈತಿ ಅಂತ ಡಾಕ್ಟರು ನನ್ನ ಬೈತಾರ!”

ಗಂಡನಿಗೆ ಒಂದು ಮಾತಿಗೆ ಮೂರು ಉಸಿರು ಬೇಕು. ಕುಡಚಡೆಯ ಗಣಿಯಲ್ಲಿ ಇಪ್ಪತ್ತು ವರ್ಷ ಲಾರಿಗೆ ಅದಿರು ತುಂಬಿದ ಎದೆ. ಮೇಲೆ ಬೀಡಿ ಬೇರೆ. ಒಳಗಿನ ಗಾಳಿಚೀಲಗಳು ಹರಿದಿವೆ, ಅವನ್ನು ಹೊಲಿಯಲಾಗದು, ಉಳಿದಷ್ಟನ್ನು ಕಾಯ್ದುಕೊಳ್ಳಿ ಎಂದಿದ್ದರು ಡಾಕ್ಟರು.

“ಯಾರಿಗ ಹೊಡದ್ರಿ ಅದನ್ನ?”

“ಇಸ್ಮಾಯಿಲಗ.”

ಹುಲಿಗೆವ್ವ ರೊಟ್ಟಿ ಬಿಟ್ಟು ಅವನತ್ತ ತಿರುಗಿದಳು. ಗಂಡನ ಜೋಡಿಯಾಳು ಇಸ್ಮಾಯಿಲ ಮಣ್ಣಾಗಿ ಏಳು ತಿಂಗಳು. ಅವನಿಗೂ ಇದೇ ರೋಗವಿತ್ತು. ಗಣಿಯಲ್ಲಿ ಇಬ್ಬರಿಗೂ ಒಂದೇ ಬೀಡಿ, ಮೊದಲ ದಮ್ಮು ಹಿರಿಯನಾದ ಇಸ್ಮಾಯಿಲನದು. ಎದೆ ಕೆಟ್ಟು ಪಂಪು ಬಂದ ಮೇಲೂ ಅದನ್ನು ಬೀಡಿಯಂತೆಯೇ ಹಂಚಿಕೊಂಡು ಎಳೆಯುತ್ತಿದ್ದರು.

“ಅವತ್ತ ಸಂಜಿಮುಂದ ಕೈ ಚಾಚಿದ. ಮುಗದೈತೋ ಅಂದೆ.” ಕಂಠೆಪ್ಪ ಉಸಿರಿಗಾಗಿ ತಡೆದ. “ಕಿಸೇದಾಗ ಇತ್ತ. ಅರ್ಧ ಇತ್ತ. ರಾತ್ರಿ ನನಗ ಬೇಕಾದೀತಂತ…”

ಆ ರಾತ್ರಿಯೇ ಇಸ್ಮಾಯಿಲ ಹೋಗಿದ್ದ.

“ದಿನಾ ಬರ್ತಾನ. ಬಾಗಲದಾಗ ನಿಂತು ಕೊಂಯ್ ಅಂತಾನ.”

“ಅದು ನಿಮ್ಮ ಎದಿ ಸಪ್ಪಳ್ರಿ.”

“ನಂದ ನನಗ ಗೊತ್ತಾಗೂದಿಲ್ಲೇನ?”

ಹುಲಿಗೆವ್ವ ಬಂದು ಹೊಸ್ತಿಲ ಮೇಲೆ ಕುಳಿತಳು. ಹಿಟ್ಟಿನ ಕೈಯಲ್ಲೇ ಪಂಪು ಕಸಿದು ಕಿವಿಯ ಹತ್ತಿರ ಅಲುಗಾಡಿಸಿದಳು. ಒಳಗೆ ಒಂದೆರಡು ದಮ್ಮಿಗಾಗುವಷ್ಟೇ ಉಳಿದಂತಿತ್ತು.

“ಮೊದಲ ನೀವ ಎಳೀರಿ. ಆಮ್ಯಾಲೆ ಅವಗ ನಾನ ಕೊಡ್ತೇನಿ. ನನ್ನ ಕೈಯಾಗಿಂದು ಒಲ್ಲೆ ಅನ್ನಾಂವಲ್ಲ ಅವ. ನನ್ನ ರೊಟ್ಟಿ ಏನ್ ಕಡಿಮಿ ತಿಂದಾನ?”

“ಖರೇನ ಕೊಡ್ತೀ?”

“ಹುಲಿಗೆಮ್ಮನಾಣಿ.”

ಕಂಠೆಪ್ಪ ಅವಳ ಕೈಯಿಂದ ಪಂಪು ಇಸಿದುಕೊಂಡ. ಬಾಯಿಗಿಟ್ಟು ಎಳೆದುಕೊಂಡ. ಹತ್ತು ಎಣಿಸುವತನಕ ಉಸಿರು ಬಿಡಬಾರದು. ಅವನು ತುಟಿ ಬಿಗಿದ. ವರ್ಷಗಟ್ಟಲೆ ಮನೆ ತುಂಬಿದ್ದ ಆ ಎದೆಯ ಸಪ್ಪಳ ಪೂರಾ ನಿಂತಿತು.

“ಒಂದ… ಎರಡ… ಮೂರ…” ಹುಲಿಗೆವ್ವ ಎಣಿಸತೊಡಗಿದಳು.

ಅವಳ ಬೆನ್ನ ಹಿಂದೆ, ಬಾಗಿಲಾಚೆ, ಸಣ್ಣಗೆ ಕೊಂಯ್ ಎಂದಿತು.

ಹುಲಿಗೆವ್ವ ತಿರುಗಿ ನೋಡಲಿಲ್ಲ. “ನಾಕ… ಐದ…” ಎಣಿಸುತ್ತಲೇ ಸೀರೆಯ ನೆರಿಗೆ ಎಳೆದುಕೊಂಡು, ಹೊಸ್ತಿಲ ಮೇಲೆ ಒಬ್ಬರು ದಾಟುವಷ್ಟು ಪಕ್ಕಕ್ಕೆ ಸರಿದಳು.