ಇಪ್ಪತ್ತು ಕಿಲೋ ದ್ರಾಕ್ಷಿ

ಶಿರಗುಪ್ಪಿಯ ಶಿವಗಂಗವ್ವ ಸೊಸೆ ಉಜ್ವಲಾಳಿಗೆ ಸಹಕಾರಿ ಬ್ಯಾಂಕಿನ ಕ್ಲಾರ್ಕ್ ಪರೀಕ್ಷೆ ಬರೆಯಲು ಒಪ್ಪಿಗೆ ಕೊಟ್ಟಿದ್ದಳು, ಒಂದೇ ಒಂದು ಸಲ. "ಬರಿ ಬೇ, ಬ್ಯಾಡ ಅನ್ನೂದಿಲ್ಲ. ಆಗ್ಲಿಲ್ಲಂದ್ರ ಶೆಡ್ಡಿನ ಚಾವಿ ನಿನ್ನ ಸೊಂಟಕ್ಕ," ಅಂದಿದ್ದಳು. ಆ ಮನೆಯಲ್ಲಿ ಚಾವಿ ಎಂದರೆ ಮರ್ಯಾದೆ, ನಿಜ. ಆದರೆ ಅದರ ಹೆಸರು ಕೇಳಿದರೇ ಉಜ್ವಲಾಳಿಗೆ ಉಸಿರು ಕಟ್ಟುತ್ತಿತ್ತು. ಹಸಿರು ಬಲೆ ಹೊದೆಸಿದ ಆ ಶೆಡ್ಡಿನಲ್ಲಿ ದ್ರಾಕ್ಷಿ ಒಣಗುವುದನ್ನು ಕಾಯುತ್ತ, ಕಡ್ಡಿ ಆರಿಸುತ್ತ, ಮದುವೆಯಾದಂದಿನಿಂದ ಅವಳ ಬೇಸಿಗೆಗಳೆಲ್ಲ ಹೋಗಿದ್ದವು.

ಶೇಕಡಾ ಲೆಕ್ಕ ಅವಳಿಗೆ ಕಬ್ಬಿಣದ ಕಡಲೆ. ಅಥಣಿಯ ಕೋಚಿಂಗ್ ಕ್ಲಾಸಿನ ನಾಮದೇವ ಸರ್ ಅದನ್ನು ಅಗಿಯಲು ಕಲಿಸಿದರು. "ಎಕ್ಸ್ ಅಂದ್ರ ಅಂಜಬ್ಯಾಡ್ರಿ. ಮೊತ್ತ ಕೊಟ್ಟಿಲ್ಲಂದ್ರ ನೂರು ಅಂತ ಇಟ್ಟ ನೋಡ್ರಿ. ತೊಡಕಾತಂದ್ರ, ಕೊಟ್ಟ ಉತ್ತರ ಒಂದೊಂದ ಹಾಕಿ ತಾಳೆ ನೋಡ್ರಿ. ನೀರು ಆರಿ ಹೋಗೂ ಲೆಕ್ಕ ಬಂತಂದ್ರ, ಯಾವ್ದು ಬದಲಾಗೂದಿಲ್ಲೋ ಅದನ್ನ ಹಿಡೀರಿ. ಮತ್ತ, ನೋಡಿದ ಕೂಡ್ಲೇ ಉತ್ತರ ಗೊತ್ತೈತಿ ಅನಿಸ್ತಂದ್ರ, ಪೆನ್ನು ಕೆಳಗಿಡ್ರಿ."

2014ರಲ್ಲಿ, ಪರೀಕ್ಷೆಯ ಭಾನುವಾರ, ಗಂಡ ಮಲ್ಲೇಶ ಅವಳನ್ನು ಬೈಕಿನಲ್ಲಿ ಚಿಕ್ಕೋಡಿಗೆ ಕರೆತಂದು, ಕಾಲೇಜಿನ ಗೇಟಿನ ಹೊರಗೆ ಬೇವಿನ ನೆರಳಲ್ಲಿ ನಿಂತ. ಒಳಗೆ ಉಜ್ವಲಾ ಸಂಬಳ ಏರಿ ಇಳಿಯುವ ಲೆಕ್ಕಕ್ಕೆ ನೂರು ಇಟ್ಟಳು. ಮತದಾರರ ಲೆಕ್ಕಕ್ಕೆ ಉತ್ತರಗಳನ್ನೇ ಹಾಕಿ ತಾಳೆ ನೋಡಿದಳು. ಎಲ್ಲ ಕೂಡಿಬಂದವು. ಎದೆ ಹಗುರಾಯಿತು. ಆಗ ಬಂತು ಅದು: ಹಸಿ ದ್ರಾಕ್ಷಿಯಲ್ಲಿ ಶೇಕಡಾ ತೊಂಬತ್ತು ನೀರು, ಒಣದ್ರಾಕ್ಷಿಯಲ್ಲಿ ಶೇಕಡಾ ಇಪ್ಪತ್ತು. ಇಪ್ಪತ್ತು ಕಿಲೋ ಹಸಿ ದ್ರಾಕ್ಷಿಗೆ ಒಣದ್ರಾಕ್ಷಿ ಎಷ್ಟು?

ಉಜ್ವಲಾಳಿಗೆ ನಗು ಬಂತು. ಇದನ್ನು ಯಾರಿಗೆ ಕೇಳುತ್ತಿದ್ದಾರೆ ಇವರು? ನಾಲ್ಕು ಕಿಲೋಗೆ ಒಂದು ಕಿಲೋ, ಶಿರಗುಪ್ಪಿಯ ಕೂಸಿಗೂ ಗೊತ್ತು. ಇಪ್ಪತ್ತಕ್ಕೆ ಐದು. ಉತ್ತರಗಳಲ್ಲಿ ಐದು ಇತ್ತು ಕೂಡ. ಕಪ್ಪು ಪೆನ್ನಿನಿಂದ ಗೋಲ ತುಂಬಿದಳು.

ತುಂಬಿದ ಮೇಲೆ ಸರ್ ಮಾತು ನೆನಪಾಯಿತು. ನೀರು ಹೋಗುತ್ತದೆ, ತಿರುಳು ಹೋಗುವುದಿಲ್ಲ. ಪ್ರಶ್ನೆಯ ದ್ರಾಕ್ಷಿ ಅವರ ತೋಟದ್ದಲ್ಲ, ಬರೀ ನೀರಿನದು. ಇಪ್ಪತ್ತು ಕಿಲೋದಲ್ಲಿ ತಿರುಳು ಎರಡೇ ಕಿಲೋ. ಒಣಗಿದ ಮೇಲೆ ಆ ಎರಡು ಕಿಲೋ ನೂರಕ್ಕೆ ಎಂಬತ್ತು ಪಾಲು. ಹಾಗಾದರೆ ಎರಡೂವರೆ. ಅದೂ ಅಲ್ಲೇ, ಐದರ ಪಕ್ಕದಲ್ಲೇ ಇತ್ತು. ಉಗುರಿನಿಂದ ಕೆರೆದಳು, ಶಾಯಿ ಹೋಗಲಿಲ್ಲ. ಬಿಟ್ಟು ಬಂದೆ ಅಂದುಕೊಂಡಿದ್ದ ಶೆಡ್ಡು ಅವಳ ಬೆನ್ನಿಗೇ ಬಂದು ಬೆಂಚಿನ ಮೇಲೆ ಕೂತಿತ್ತು. ತನ್ನ ಮೇಲೆಯೇ ಅವಳಿಗೆ ಕೆಟ್ಟ ಸಿಟ್ಟು ಬಂತು.

ಫಲಿತಾಂಶ ಬಂದಾಗ ಆಯ್ಕೆಗೆ ಒಂದೇ ಅಂಕ ಕಡಿಮೆ ಬಿತ್ತು.

ಬೇಸಿಗೆಯಲ್ಲಿ ಒಣದ್ರಾಕ್ಷಿ ವ್ಯಾಪಾರಿ ಬಾಪುಸಾಹೇಬ ಮನೆಗೆ ಬಂದ. ಉಜ್ವಲಾ ಸೊಂಟದ ಚಾವಿ ತೆಗೆದು ಶೆಡ್ಡಿನ ಬಾಗಿಲು ತೆರೆದಳು. ಶಿವಗಂಗವ್ವನಿಗೆ ಸೊಸೆಯ ಮೇಲೆ ಅಭಿಮಾನ ಉಕ್ಕಿಬಂತು.

"ನಮ್ಮ ಸೊಸಿ ಪೆನ್ನು ಹಿಡಿಯೂದಿಲ್ರಿ, ಬಾಯಿಲೆ ಲೆಕ್ಕ ಹೇಳತಾಳ. ಇಪ್ಪತ್ತ ಕಿಲೋಕ್ಕ ಎಷ್ಟ ಬೇ?"

"ಐದ್ರಿ," ಅಂದಳು ಉಜ್ವಲಾ.

"ಬರೋಬರ," ಎಂದು ಬಾಪುಸಾಹೇಬ ತಲೆದೂಗಿದ.